ರಬ್ಬರ್ ಹೃದಯಕ್ಕೆ ಕೆಂಪು ಗುಂಡುಸೂಜಿ

ಡಾಕ್ಟರಮ್ಮನಿಗೆ ಆ ಆಸ್ಪತ್ರೆಯಲ್ಲಿ ಎದುರಿಗೆ ಒಂದು ಹೆಸರು, ಬೆನ್ನ ಹಿಂದೆ ಇನ್ನೊಂದು. ಎದುರಿಗೆ ಎಲ್ಲರೂ 'ಮೇಡಂ' ಅನ್ನುತ್ತಿದ್ದರು. ಬೆನ್ನ ಹಿಂದೆ ಆಕೆ 'ಎಣಿಸು ಮೇಡಂ'. ಇಸಿಜಿ ತೆಗೆಯಲು ಯಾರೇ ಎದೆಗೆ ಅಂಟಿಸುವ ಬಿಲ್ಲೆ ಕೈಗೆತ್ತಿಕೊಂಡರೂ ಎಲ್ಲಿಂದಲೋ ಬಂದು ಹಿಂದೆ ನಿಂತು 'ಎಣಿಸು!' ಎಂದು ಗದರುವುದು ಆಕೆಯ ಜಾಯಮಾನ. ಎದೆಮೂಳೆಯ ಮೇಲೆ ಬೆರಳಿಟ್ಟು, ಅಲ್ಲಿರುವ ಸಣ್ಣ ಉಬ್ಬನ್ನು ಹುಡುಕಿ, ಅಲ್ಲಿಂದ ಒಂದೊಂದೇ ಪಕ್ಕೆಲುಬು ಎಣಿಸುತ್ತಾ ಇಳಿದು, ನಾಲ್ಕನೆಯ ಸಂದಿನಲ್ಲಿ ಮೊದಲ ಬಿಲ್ಲೆ ಅಂಟಿಸಬೇಕು. ಕಣ್ಣಂದಾಜಿನಲ್ಲಿ ಅಂಟಿಸಿ ಸಿಕ್ಕಿಬಿದ್ದವರ ಗ್ರಹಚಾರ ಅಂದು ಕೆಟ್ಟಿತೆಂದೇ ಲೆಕ್ಕ. ತನ್ನ ಅಡ್ಡಹೆಸರು ಆಕೆಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದು ಒಳಗೊಳಗೇ ಹಿಗ್ಗುತ್ತಿದ್ದಳು.

ಹಿಗ್ಗಲು ಕಾರಣವಿತ್ತು. ಹೃದಯ ಬಡಿಯಲು ಒಂದು ಗೊತ್ತಾದ ಜಾಗದಿಂದ ಅಪ್ಪಣೆ ಹೊರಡುತ್ತದೆ. ಕೆಲವರಲ್ಲಿ ಮಾತ್ರ ಯಾವುದೋ ಮೂಲೆಯಲ್ಲಿ ಕೂತ ಚಿಟಿಕೆಯಷ್ಟು ಮಾಂಸ ತಾನೂ ಯಜಮಾನನೇ ಎಂದುಕೊಂಡು ನಡುನಡುವೆ ಬಡಿತ ಹೊರಡಿಸುತ್ತದೆ. ಡಾಕ್ಟರಮ್ಮ ಅದನ್ನು ಕಳ್ಳ ಬಡಿತ ಅನ್ನುತ್ತಿದ್ದಳು. ಕಳ್ಳ ಒಬ್ಬೊಬ್ಬನೇ ಬಂದರೆ ಎದೆ ಝಗ್ಗೆನ್ನುತ್ತದೆ, ಸಾಲುಗಟ್ಟಿ ಬಂದರೆ ಮನುಷ್ಯ ಕುಸಿದು ಬೀಳುತ್ತಾನೆ. ತೊಡೆಸಂದಿನಿಂದ ತೆಳ್ಳನೆಯ ನಳಿಕೆಯೊಂದನ್ನು ಹೃದಯದವರೆಗೂ ತೂರಿಸಿ ಆ ಚಿಟಿಕೆ ಜಾಗವನ್ನು ಸುಟ್ಟುಬಿಟ್ಟರೆ ಕಥೆ ಮುಗಿಯಿತು. ಆದರೆ ಎಲ್ಲಿ ಸುಡುವುದು? ಅದನ್ನು ಮೊದಲು ಹೇಳುವುದು ಇಸಿಜಿ ಕಾಗದ. ಅದರಲ್ಲಿರುವ ಹನ್ನೆರಡು ಗೆರೆಗಳೆಂದರೆ ಒಂದೇ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡಿದ ಸಾಕ್ಷಿಗಳು. ಬಡಿತ ತನ್ನ ಕಡೆಗೆ ಬಂದರೆ ಗೆರೆ ಮೇಲೇಳುತ್ತದೆ, ತನ್ನಿಂದ ದೂರ ಹೋದರೆ ಕೆಳಗಿಳಿಯುತ್ತದೆ. ಹನ್ನೆರಡು ಜನರ ಸಾಕ್ಷಿ ಕೂಡಿಸಿ ಕಳ್ಳನ ಮನೆ ಹುಡುಕುವುದರಲ್ಲಿ ಡಾಕ್ಟರಮ್ಮನದು ಎತ್ತಿದ ಕೈ.

ಇದನ್ನು ಪರೀಕ್ಷೆಗೊಡ್ಡಲು ಆ ವಿಭಾಗದಲ್ಲೊಂದು ರೂಢಿಯಿತ್ತು. ನಳಿಕೆ ಹಾಕುವ ಲ್ಯಾಬಿನ ಹೊರಕೋಣೆಯ ಕಪಾಟಿನ ಮೇಲೆ, ಬಿಚ್ಚಿ ಒಳಭಾಗ ನೋಡಬಹುದಾದ ರಬ್ಬರಿನ ಹೃದಯವೊಂದಿತ್ತು. ಸೂಜಿ ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ಅದರ ಮೈ ಸಿಡುಬು ಬಂದು ಹೋದಂತಾಗಿತ್ತು. ರೋಗಿಯನ್ನು ಒಳಗೆ ಕರೆದೊಯ್ಯುವ ಮುಂಚೆ ವೈದ್ಯರೆಲ್ಲ ಇಸಿಜಿ ನೋಡಿ, ಕಳ್ಳ ಇಲ್ಲಿದ್ದಾನೆ ಎಂದು ತಮ್ಮ ತಮ್ಮ ಬಣ್ಣದ ಗುಂಡುಸೂಜಿಯನ್ನು ಅದಕ್ಕೆ ಚುಚ್ಚಬೇಕು. ನಿಜವಾದ ಜಾಗದಿಂದ ಅತಿ ದೂರ ಚುಚ್ಚಿದವರು ಅಂದು ಇಡೀ ವಿಭಾಗಕ್ಕೆ ಟೀ ಮಾಡಬೇಕು. ಕೆಂಪು ಸೂಜಿ ಡಾಕ್ಟರಮ್ಮನದು. ಆಕೆ ಟೀ ಮಾಡಿದ್ದನ್ನು ಕಂಡವರು ಯಾರೂ ಈಗ ಅಲ್ಲಿ ಕೆಲಸದಲ್ಲಿರಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆಯೆಂದೂ ಮೇಡಂಗೆ ಗೊತ್ತಿಲ್ಲ ಎಂದು ನರ್ಸುಗಳು ನಗಾಡುತ್ತಿದ್ದರು.

ಹಳದಿ ಸೂಜಿ ಲಾಯರಮ್ಮನದು. ಅವಳು ಲಾಯರಲ್ಲ, ಡಾಕ್ಟರಮ್ಮನ ಕೈಯಲ್ಲೇ ಪಳಗಿ ಈಗ ಅದೇ ವಿಭಾಗದಲ್ಲಿ ಸ್ವತಂತ್ರವಾಗಿ ನಳಿಕೆ ಹಿಡಿಯುತ್ತಿದ್ದ ಕಿರಿಯ ವೈದ್ಯೆ. ಯಾವ ಮಾತಿಗೂ 'ಅದು ಸರಿ, ಆದರೆ' ಎಂದು ಶುರುಮಾಡುತ್ತಿದ್ದುದರಿಂದ ಆ ಹೆಸರು ಅಂಟಿತ್ತು. ಗುರುವಿನ ಎದುರಿಗೂ ಅವಳ ಬಾಯಿಗೆ ಬೀಗ ಇರಲಿಲ್ಲ. ಡಾಕ್ಟರಮ್ಮ ಅವಳನ್ನು ಎಲ್ಲರಿಗಿಂತ ಹೆಚ್ಚು ಬೈದದ್ದೂ ಅದಕ್ಕೇ, ಎಲ್ಲರಿಗಿಂತ ಹೆಚ್ಚು ಹೇಳಿಕೊಟ್ಟದ್ದೂ ಅದಕ್ಕೇ.

ಇಂಥ ಡಾಕ್ಟರಮ್ಮನಿಗೆ ಒಬ್ಬ ಅಣ್ಣ. ಬಂದರಿನಲ್ಲಿ ಕ್ರೇನ್ ನಡೆಸುವವನು. ಮುಗಿಲಿಗೆ ಏಣಿ ಹಾಕಿದಂತಿರುವ ಆ ಯಂತ್ರದ ತುದಿಯ ಗಾಜಿನ ಗೂಡಿನಲ್ಲಿ ಕೂತು, ಲಾರಿಗಿಂತ ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ಇಳಿಸುತ್ತಿದ್ದ. ಕೆಳಗೆ ನಿಂತವರ ಟೀ ಲೋಟ ಅಲುಗದಂತೆ ಪೆಟ್ಟಿಗೆ ಇಳಿಸುತ್ತೇನೆ ಎನ್ನುವುದು ಅವನ ಬಡಾಯಿ, ಅದು ನಿಜವೂ ಆಗಿತ್ತು. 'ನಿಂದು ಬೆರಳ ಲೆಕ್ಕ, ನಂದು ಕಣ್ಣಂದಾಜು' ಎಂದು ತಂಗಿಯನ್ನು ಕೆಣಕುತ್ತಿದ್ದ.

ಅವನಿಗೆ ತನ್ನ ಕ್ರೇನಿಗಿಂತ ಮಿಗಿಲಾದ ಬಡಾಯಿ ಎಂದರೆ ತಂಗಿಯದು. ಬಂದರಿನ ಗೇಟು ಕಾಯುವವನಿಗೆ, ಕ್ಷೌರದವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಎಲ್ಲರಿಗೂ ಒಂದೇ ಪಾಠ: "ನಮ್ಮ ಪುಟ್ಟಿ ಇದ್ದಾಳಲ್ಲ, ಕಾಗದ ನೋಡಿದ್ರೆ ಸಾಕು, ಹೃದಯದಲ್ಲಿ ಕಳ್ಳ ಎಲ್ಲಿ ಕೂತಿದ್ದಾನೆ ಅಂತ ಬೆಟ್ಟು ಮಾಡಿ ತೋರಿಸ್ತಾಳೆ!" ಹೇಳುವಾಗ ತೋರುಬೆರಳು ಗಾಳಿಯಲ್ಲಿ ಕುಟುಕುತ್ತಿತ್ತು.

"ಸಾಕು ಅಣ್ಣ, ಜನ ನಗ್ತಾರೆ," ಎಂದು ಅವಳು ನಾಚುತ್ತಿದ್ದಳು.

"ನಗಲಿ ಬಿಡು. ಇಲ್ಲದ್ದನ್ನ ಹೇಳಿದ್ನಾ ನಾನು?"

ಅಂಥವನ ಎದೆಯೊಳಗೇ ಕಳ್ಳ ಹೊಕ್ಕಿದ್ದ. ಒಂದು ದಿನ ಕ್ರೇನಿನ ಏಣಿ ಇಳಿದು ಬಂದವನು ಕೊನೆಯ ಮೆಟ್ಟಿಲ ಬಳಿ ಕಣ್ಣು ಕತ್ತಲೆ ಬಂದು ಕುಸಿದ. ಕೆಲಸದವರು ಎತ್ತಿ ಕೂರಿಸುವ ಹೊತ್ತಿಗೆ ಸರಿಹೋಗಿದ್ದ. ಆದರೆ ಬಂದರಿನವರು ಸುಮ್ಮನಿರುತ್ತಾರೆಯೇ? ಮೇಲೆ ಹತ್ತುವುದು ಬೇಡವೆಂದು ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿ ಲಾರಿಗಳಿಗೆ ಚೀಟಿ ಹರಿದುಕೊಡುವ ಕೆಲಸ ಹಚ್ಚಿದರು. ಹೃದಯ ಸರಿಹೋಯಿತೆಂದು ವೈದ್ಯರು ಬರೆದುಕೊಟ್ಟರೆ ಮತ್ತೆ ಕ್ರೇನು, ಇಲ್ಲದಿದ್ದರೆ ನಿವೃತ್ತಿಯವರೆಗೂ ಚೀಟಿ. ಅಣ್ಣನ ಮುಖ ಸಣ್ಣದಾಯಿತು. ಊಟಕ್ಕೆ ಕೂತರೆ ಮನೆಯ ಕಿಟಕಿಯಾಚೆ ದೂರದ ಬಂದರಿನಲ್ಲಿ ಬೇರೆಯವನ ಕೈಯಲ್ಲಿ ಕ್ರೇನು ತಿರುಗುವುದನ್ನು ನೋಡುತ್ತಾ ತುತ್ತು ಮರೆಯುತ್ತಿದ್ದ ಎಂದು ಅತ್ತಿಗೆ ಫೋನಿನಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ತೊಂದರೆ ಏನೆಂದರೆ ಕಳ್ಳ ಬಡಿತ ಆಸ್ಪತ್ರೆಯಲ್ಲಿ ಮುಖ ತೋರಿಸುತ್ತಿರಲಿಲ್ಲ. ಬೇಕೆಂದಾಗ ಬಾರದೆ ಬೇಡವೆಂದಾಗ ವಕ್ಕರಿಸುವ ನೆಂಟರ ಹಾಗೆ, ಮನೆಯಲ್ಲಿ ಆರಾಮವಾಗಿ ಕೂತಾಗ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆಯ ಫೋನು ಬಂದಿತು: "ಬೇಗ ಬಾರೇ, ನಿಮ್ಮಣ್ಣನಿಗೆ ಶುರುವಾಗಿದೆ, ಎದೆ ಒಳಗೆ ಮೀನು ಒದ್ದಾಡ್ದಂಗೆ ಆಗ್ತಿದೆಯಂತೆ." ಡಾಕ್ಟರಮ್ಮ ಆಸ್ಪತ್ರೆಯ ಕೈಪೆಟ್ಟಿಗೆಯಂಥ ಇಸಿಜಿ ಯಂತ್ರ ಎತ್ತಿಕೊಂಡು ಓಡಿದಳು.

ಅಣ್ಣನನ್ನು ಸೋಫಾದ ಮೇಲೆ ಮಲಗಿಸಿ ಅಂಗಿ ಬಿಚ್ಚಿಸಿದಳು. ಎದೆಯ ಮೇಲೆ ಬೆರಳಿಟ್ಟದ್ದೇ ತಡ, ಅವನು ಕಿಸಕ್ಕನೆ ನಕ್ಕು ಹಾವಿನಂತೆ ನುಲಿದ. ಚಿಕ್ಕಂದಿನಿಂದಲೂ ಅವನಿಗೆ ವಿಪರೀತ ಕಚಗುಳಿ.

"ಅಲುಗಾಡಬೇಡ ಅಣ್ಣ!"

"ಅಯ್ಯೋ, ನೀನು ಮುಟ್ಟಬೇಡ್ವೇ! ಸತ್ತೇ ಹೋಗ್ತೀನಿ!"

ಅಲ್ಲಿ ಅತ್ತಿಗೆ ಅಳುತ್ತಿದ್ದಾಳೆ, ಇಲ್ಲಿ ಇವನು ನಗುತ್ತಿದ್ದಾನೆ, ಯಂತ್ರದ ಪರದೆಯಲ್ಲಿ ಕಳ್ಳ ಬಡಿತಗಳು ಜಾತ್ರೆಯ ಹಾಗೆ ನೆರೆದಿವೆ, ಎಲ್ಲಿ ಕರಗಿ ಹೋಗುತ್ತವೋ ಎಂಬ ಆತುರ ಬೇರೆ. ಅವಳು ಸರಸರನೆ ಬಿಲ್ಲೆ ಅಂಟಿಸಿ ಗುಂಡಿ ಒತ್ತಿದಳು. ಕಾಗದ ಹೊರಬಂತು. ಕಳ್ಳ ಹನ್ನೆರಡು ಗೆರೆಗಳಲ್ಲೂ ಸ್ಪಷ್ಟವಾಗಿ ಸಿಕ್ಕಿಬಿದ್ದಿದ್ದ. ಅವಳು ಅಲ್ಲೇ ನೆಲದ ಮೇಲೆ ಕೂತು ಓದಿದಳು. ಪಾದದ ಕಡೆಯಿಂದ ನೋಡುವ ಗೆರೆಗಳು ಎತ್ತರವಾಗಿದ್ದವು, ಅಂದರೆ ಬಡಿತ ಹೊರಟದ್ದು ಹೃದಯದ ಮೇಲ್ತುದಿಯಿಂದ. ಎದೆಯ ಮೊದಲ ಗೆರೆಗಳು ಕೆಳಮುಖವಾಗಿದ್ದವು, ತಡವಾಗಿ ಮೇಲೆದ್ದಿದ್ದವು, ಅಂದರೆ ಬಲಗಡೆ.

"ಬಲಗಡೆ ಅಣ್ಣ. ಒಳ್ಳೆ ಜಾಗ. ಸುಲಭವಾಗಿ ಆಗಿಹೋಗುತ್ತೆ."

"ನೋಡಿದ್ಯಾ?" ಎಂದು ಅಣ್ಣ ಹೆಂಡತಿಯ ಕಡೆ ತಿರುಗಿದ. ಎದೆಯಲ್ಲಿ ಮೀನು ಒದ್ದಾಡುತ್ತಿದ್ದರೂ ಎದೆ ಉಬ್ಬಿತ್ತು. "ಕಾಗದ ನೋಡಿದ್ಲು, ಬೆಟ್ಟು ಮಾಡಿದ್ಲು!"

ಸ್ವಂತದವರಿಗೆ ತಾನೇ ನಳಿಕೆ ಹಾಕಬಾರದೆಂದು ಆಸ್ಪತ್ರೆಯ ನಿಯಮ. ಲಾಯರಮ್ಮ ಹಾಕುವುದು, ಡಾಕ್ಟರಮ್ಮ ಗಾಜಿನ ಈಚೆಯ ಕೋಣೆಯಲ್ಲಿ ಕೂತು ನೋಡುವುದು ಎಂದಾಯಿತು.

ಅಂದು ಬೆಳಿಗ್ಗೆ ಡಾಕ್ಟರಮ್ಮ ರಬ್ಬರ್ ಹೃದಯ ಬಿಚ್ಚಿ, ಕೆಂಪು ಸೂಜಿಯನ್ನು ಬಲಗಡೆಯ ಮೇಲ್ತುದಿಗೆ ಧೈರ್ಯವಾಗಿ ಚುಚ್ಚಿದಳು. ಉಳಿದವರೂ ಅದರ ಆಸುಪಾಸಿನಲ್ಲೇ ಚುಚ್ಚಿದರು. ಲಾಯರಮ್ಮ ಕೊನೆಗೆ ಬಂದು ಹಳದಿ ಸೂಜಿಯನ್ನು ಎಡಗಡೆ, ಮಹಾಧಮನಿಯ ಬಾಗಿಲ ಕೆಳಗೆ ಚುಚ್ಚಿದಳು.

"ಏನೇ ಇದು?" ಎಂದಳು ಡಾಕ್ಟರಮ್ಮ.

"ನಿನ್ನೆ ಸಂಜೆ ವಾರ್ಡಿನಲ್ಲಿ ನಾನೊಂದು ಇಸಿಜಿ ತೆಗೆದೆ ಮೇಡಂ. ಬಹಳ ಹೊತ್ತು ಕಾದ ಮೇಲೆ ಒಂದೆರಡು ಬಡಿತ ಸಿಕ್ತು. ಅದರಲ್ಲಿ ಎದೆ ಗೆರೆ ಬೇಗ ಮೇಲೇಳುತ್ತೆ. ಎಡಗಡೆ."

"ನಾನು ತೆಗೆದ ಕಾಗದ ಇತ್ತಲ್ಲ? ಅದರಲ್ಲಿ ಬೇಕಾದಷ್ಟು ಬಡಿತ ಇದೆ."

"ಅದು ಸರಿ, ಆದರೆ ಇನ್ನೊಬ್ಬರು ತೆಗೆದ ಕಾಗದ ನಂಬಿ ನಳಿಕೆ ಹಿಡೀಬೇಡ, ಅದು ನಂದೇ ಆಗಿರಲಿ ಅಂತ ನೀವೇ ಹೇಳಿದ್ದು."

ಡಾಕ್ಟರಮ್ಮ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದಳು. ಉಳಿದ ಗೆರೆಗಳೆಲ್ಲ ಒಂದೇ, ಎದೆಯ ಮೊದಲೆರಡು ಮಾತ್ರ ಬೇರೆ. ಅವಳಿಗೆ ಒಳಗೆಲ್ಲೋ ಮುಳ್ಳು ಆಡಿದಂತಾಯಿತು. ಆದರೆ ಇಷ್ಟು ವರ್ಷದ ಕೆಂಪು ಸೂಜಿ ಸುಮ್ಮನೆ ಬಿಟ್ಟುಕೊಡುತ್ತದೆಯೇ? "ಸೋಫಾ ಮೇಲೆ ಓರೆಯಾಗಿ ಮಲಗಿದ್ದ. ಮೈ ಓರೆಯಾದ್ರೆ ಅಷ್ಟು ವ್ಯತ್ಯಾಸ ಬರುತ್ತೆ," ಎಂದಳು. "ಮೊದಲು ಬಲಗಡೆ ನೋಡು."

"ನೋಡ್ತೀನಿ ಮೇಡಂ," ಎಂದಳು ಲಾಯರಮ್ಮ. ಸೂಜಿಯನ್ನು ಮಾತ್ರ ಕೀಳಲಿಲ್ಲ.

ಬಡಿತ ಅಡಗಿಹೋಗಬಾರದೆಂದು ಅಣ್ಣನಿಗೆ ನಿದ್ದೆ ಮದ್ದು ಕೊಟ್ಟಿರಲಿಲ್ಲ. ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಸೂಜಿ. ಹಸಿರು ಬಟ್ಟೆಯ ಕೆಳಗಿನಿಂದ ಅವನು ನರ್ಸಿಗೆ ಕ್ರೇನಿನ ಕಥೆ ಹೇಳಲು ಹೊರಟು ಬೈಸಿಕೊಂಡು ಸುಮ್ಮನಾದ. ನಳಿಕೆ ಬಲಗಡೆ ಸೇರಿತು. ಕಳ್ಳ ಬಡಿತ ಮಾತ್ರ ಮಾಮೂಲಿನಂತೆ ಗೈರುಹಾಜರು. ಹುರಿದುಂಬಿಸುವ ಮದ್ದು ಹನಿಹನಿಯಾಗಿ ಬಿಟ್ಟರೂ ಬರಲಿಲ್ಲ.

ಹಾಗಾದಾಗ ಇನ್ನೊಂದು ದಾರಿಯಿದೆ. ಅನುಮಾನದ ಜಾಗಕ್ಕೆ ನಳಿಕೆಯ ತುದಿಯಿಂದ ಸಣ್ಣ ವಿದ್ಯುತ್ತು ಕೊಟ್ಟು ಹೃದಯ ಅಲ್ಲಿಂದಲೇ ಬಡಿಯುವಂತೆ ಮಾಡುವುದು. ಆಗ ಬರುವ ಹನ್ನೆರಡು ಗೆರೆ, ಕಳ್ಳ ಬಡಿತದ ಹನ್ನೆರಡು ಗೆರೆಗೆ ತಾಳೆಯಾದರೆ ಜಾಗ ಸಿಕ್ಕಿತೆಂದು ಅರ್ಥ. ಲಾಯರಮ್ಮ ನಳಿಕೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಬಡಿಯಿಸುತ್ತಾ ಹೋದಳು. ಡಾಕ್ಟರಮ್ಮ ತನ್ನ ಕಾಗದವನ್ನು ಪರದೆಗೆ ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಒಂದು ಜಾಗದಲ್ಲಿ ಗೆರೆಗಳು ತಾಳೆಯಾದವು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಮೈಕಿನ ಗುಂಡಿ ಒತ್ತಿ, "ಸಿಕ್ತು ನೋಡು! ಅಲ್ಲೇ, ಅಲ್ಲೇ! ಸುಡು!" ಎಂದಳು.

ಗಾಜಿನಾಚೆ ಲಾಯರಮ್ಮ ಅಲುಗಾಡದೆ ನಿಂತಿದ್ದಳು. ಕೈ ನಳಿಕೆಯ ಮೇಲೆ, ಕಣ್ಣು ಪರದೆಯ ಮೇಲೆ. "ನಿಮ್ಮ ಕಾಗದಕ್ಕೆ ಹೊಂದುತ್ತೆ ಮೇಡಂ," ಎಂದಳು ನಿಧಾನವಾಗಿ. "ನನ್ನ ಕಾಗದಕ್ಕೆ ಹೊಂದಲ್ಲ. ನಾನು ಸುಡಲ್ಲ."

ಡಾಕ್ಟರಮ್ಮನ ಮುಖ ಕೆಂಪಾಯಿತು. ಇನ್ನೊಂದು ಮಾತು ಗಟ್ಟಿಯಾಗಿ ಆಡಿದರೆ ಶಿಷ್ಯೆ ಸುಡಬೇಕಾದೀತು. ಕಳ್ಳ ಬಡಿತ ಇಂದು ಹೇಗೂ ಬರುತ್ತಿಲ್ಲ. ತಪ್ಪು ಜಾಗ ಸುಟ್ಟರೂ ಇಂದು ಎಲ್ಲರಿಗೂ ಗೆದ್ದಂತೆಯೇ ಕಾಣುತ್ತದೆ. ಹೃದಯ ಸರಿಹೋಯಿತೆಂದು ಬರೆದುಕೊಡುತ್ತಾರೆ. ಅಣ್ಣ ಮುಗಿಲೆತ್ತರದ ಗೂಡಿಗೆ ಹತ್ತುತ್ತಾನೆ. ಆಮೇಲೊಂದು ದಿನ, ಕೈಯಲ್ಲಿ ಪೆಟ್ಟಿಗೆ ತೂಗುತ್ತಿರುವಾಗ, ಕೆಳಗೆ ಜನ ಓಡಾಡುತ್ತಿರುವಾಗ…

ಸೋಫಾ ನೆನಪಾಯಿತು. ಬೆರಳು ತಾಗಿದ್ದು, ಅಣ್ಣ ನುಲಿದು ನಕ್ಕಿದ್ದು, ಅತ್ತಿಗೆಯ ಅಳು. ಎದೆಮೂಳೆಯ ಉಬ್ಬು ಹುಡುಕಿದೆನೆ? ಇಲ್ಲ. ಪಕ್ಕೆಲುಬು ಎಣಿಸಿದೆನೆ? ಒಂದೂ ಇಲ್ಲ. ಕಣ್ಣಂದಾಜಿನಲ್ಲಿ ಅಂಟಿಸಿದೆ. ಕಣ್ಣಂದಾಜಿನವರೆಲ್ಲ ಎಲ್ಲಿ ಅಂಟಿಸುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಲೆ. ಸಂದೊಂದೆರಡು ಮೇಲೆ. ಮೇಲೆ ಕೂತ ಸಾಕ್ಷಿಗೆ ಕೆಳಗೆ ಹೋಗುವ ಬಡಿತವೆಲ್ಲ ತನ್ನಿಂದ ದೂರ ಹೋದಂತೆಯೇ ಕಾಣುತ್ತದೆ. ಎಡಗಡೆಯ ಕಳ್ಳ ಬಲಗಡೆಯವನಂತೆ ವೇಷ ಹಾಕಲು ಅಷ್ಟು ಸಾಕು. ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ವರ್ಷ ವರ್ಷ ಪಾಠ ಹೇಳಿದವಳು ಅವಳೇ.

ಅವಳು ಮತ್ತೆ ಮೈಕಿನ ಗುಂಡಿ ಒತ್ತಿದಳು. ಕೋಣೆ ತುಂಬ ಜನರಿದ್ದರು, ಎಲ್ಲರೂ ಆಕೆಯಿಂದ 'ಎಣಿಸು' ಎಂದು ಬೈಸಿಕೊಂಡವರೇ.

"ನನ್ನ ಕಾಗದ ಹರಿದು ಬಿಸಾಕು," ಎಂದಳು. "ನಾನು ಎಣಿಸಿರಲಿಲ್ಲ."

ಅಷ್ಟರಲ್ಲಿ ಹಸಿರು ಬಟ್ಟೆಯ ಕೆಳಗಿನಿಂದ ದನಿ ಬಂತು: "ಅವಳದೇನೂ ತಪ್ಪಿಲ್ಲ ಕಣಮ್ಮ. ಕಚಗುಳಿ ನಂದು."

"ನೀವು ಮಾತಾಡಬಾರದು!" ಎಂದು ನರ್ಸು ಗದರಿದಳು. ಲಾಯರಮ್ಮನ ಭುಜ ಕುಲುಕಿದ್ದನ್ನು ಡಾಕ್ಟರಮ್ಮ ಗಾಜಿನಿಂದಲೇ ಕಂಡಳು.

ಆಮೇಲೆ ನಡೆದದ್ದನ್ನು ಡಾಕ್ಟರಮ್ಮ ಕೈಕಟ್ಟಿ ನಿಂತು ನೋಡಿದಳು. ಲಾಯರಮ್ಮ ಇನ್ನೊಂದು ನಳಿಕೆಯನ್ನು ಧಮನಿಯಿಂದ ತೂರಿಸಿ ಎಡಗಡೆ ಒಯ್ದಳು. ಅಲ್ಲಿ ಹುಷಾರಾಗಿರಬೇಕು. ಹೃದಯಕ್ಕೇ ರಕ್ತ ಕೊಡುವ ನಾಳದ ಬಾಯಿ ಹತ್ತಿರದಲ್ಲೇ ಇರುತ್ತದೆ. ಅವಳಿಗೆ ಅವಸರವೇ ಇರಲಿಲ್ಲ. ಬಡಿಯಿಸಿದಳು, ನೋಡಿದಳು, ತಲೆಯಾಡಿಸಿದಳು, ಸರಿಸಿದಳು. ಹಳದಿ ಸೂಜಿ ಚುಚ್ಚಿದ್ದ ಜಾಗದಲ್ಲಿ ಹನ್ನೆರಡು ಗೆರೆಗಳೂ ಅವಳ ಕಾಗದದ ಮೇಲೆ ಕೂತವು. ಅದೇ ಹೊತ್ತಿಗೆ, ಬೇಟೆಗಾರ ಬಾಗಿಲಿಗೇ ಬಂದದ್ದು ತಿಳಿದವನಂತೆ, ಕಳ್ಳನೂ ಎರಡು ಸಲ ತಾನಾಗಿ ಬಡಿದ. ನಳಿಕೆಯ ತುದಿಗೆ ಅದು ಹನ್ನೆರಡು ಗೆರೆಗಳಿಗಿಂತಲೂ ಮೊದಲು ಕೇಳಿಸಿತು, ಅಂದರೆ ಕಳ್ಳನ ಮನೆ ಅಲ್ಲೇ. ಬಣ್ಣದ ಮದ್ದು ಬಿಟ್ಟು ರಕ್ತನಾಳ ಸಾಕಷ್ಟು ದೂರವಿದೆಯೆಂದು ಖಾತ್ರಿ ಮಾಡಿಕೊಂಡು ಲಾಯರಮ್ಮ, "ಸುಡ್ತೀನಿ," ಎಂದಳು.

ಕಳ್ಳ ಬಡಿತಗಳು ಒಮ್ಮೆಲೇ ದಂಡುಗಟ್ಟಿ ಬಂದವು, ಪರದೆ ತುಂಬ ಗಲಾಟೆ ಎಬ್ಬಿಸಿದವು, ತೆಳುವಾದವು, ನಿಂತುಹೋದವು. ಆಮೇಲೆ ಮದ್ದಿನ ಹನಿ ಏರಿಸಿದರೂ ಬರಲಿಲ್ಲ, ಕಾದರೂ ಬರಲಿಲ್ಲ. ಅಣ್ಣನ ಹೃದಯ ಶಾಲೆಗೆ ಹೊರಟ ಒಳ್ಳೆಯ ಮಗುವಿನಂತೆ ನೆಟ್ಟಗೆ ನಡೆಯುತ್ತಿತ್ತು.

ಡಾಕ್ಟರಮ್ಮನಿಗೆ ಅವಮಾನವಾಗಬೇಕಿತ್ತು. ಕಾದು ನೋಡಿದಳು, ಆಗಲಿಲ್ಲ. ತನ್ನ ಕೆಂಪು ಸೂಜಿ ಸರಿಹೋದ ಯಾವ ದಿನವೂ ಅವಳಿಗೆ ಇಷ್ಟು ಹೆಮ್ಮೆಯೆನಿಸಿರಲಿಲ್ಲ. ಗುರು ಸುಡು ಅಂದಳು, ಗುರುವಿನ ಸ್ವಂತ ಅಣ್ಣ ಮಂಚದ ಮೇಲೆ, ಎಲ್ಲರ ಕಣ್ಣು ಬೆನ್ನ ಮೇಲೆ. ಆದರೂ ಆ ಹುಡುಗಿ ಸುಡಲಿಲ್ಲ! ಇವಳನ್ನು ಬೆಳೆಸಿದ್ದು ನಾನು ಎಂದು ಆ ಕೋಣೆಯ ಗೋಡೆಗಳಿಗಾದರೂ ಹೇಳಬೇಕೆನಿಸಿತು. ಹೇಳಲಿಲ್ಲ. ನರ್ಸುಗಳ ಬಳಿ ಹೋಗಿ, "ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಟೀ ಸೀದ ಹಾಲಿನ ವಾಸನೆ ಹೊಡೆಯುತ್ತಿತ್ತು. ಎಲ್ಲರೂ ಹೊಗಳಿ ಕುಡಿದರು. ಲಾಯರಮ್ಮ ಮಾತ್ರ ಒಂದು ಗುಟುಕು ಹೀರಿ, "ಅದು ಸರಿ ಮೇಡಂ, ಆದರೆ ಟೀಪುಡಿ ಹಾಕೋದು ಮರೆತ್ರಾ?" ಎಂದಳು.

ಅಣ್ಣ ಮತ್ತೆ ಕ್ರೇನ್ ಹತ್ತುವ ದಿನ ಬಂದಾಗ, ಡಾಕ್ಟರಮ್ಮ ಲಾಯರಮ್ಮನನ್ನು ಜೊತೆಗೆ ಎಳೆದುಕೊಂಡು ಬಂದರಿಗೆ ಹೋದಳು. ಗೇಟಿನ ಬಳಿ ಅತ್ತಿಗೆ ಆಗಲೇ ಬಂದು ನಿಂತು ಕತ್ತೆತ್ತಿ ನೋಡುತ್ತಿದ್ದಳು. ಬಹಳ ಎತ್ತರದಲ್ಲಿ ಗಾಜಿನ ಗೂಡು ಬಿಸಿಲಿಗೆ ಮಿನುಗುತ್ತಿತ್ತು. ಕಬ್ಬಿಣದ ಪೆಟ್ಟಿಗೆಯೊಂದು ಹಡಗಿನಿಂದ ಎದ್ದು, ಗಾಳಿಯಲ್ಲಿ ತೇಲಿ, ನಿಧಾನವಾಗಿ ಇಳಿಯತೊಡಗಿತು.

ಗೇಟು ಕಾಯುವವನು ಡಾಕ್ಟರಮ್ಮನ ಕುತ್ತಿಗೆಯಲ್ಲಿದ್ದ ಆಸ್ಪತ್ರೆಯ ಪಟ್ಟಿ ನೋಡಿ ಕಣ್ಣರಳಿಸಿದ. "ಕ್ರೇನಣ್ಣನ ತಂಗಿ ನೀವೇನಾ ಅಮ್ಮ? ಕಾಗದ ನೋಡಿ ಕಳ್ಳ ಎಲ್ಲಿದ್ದಾನೆ ಅಂತ ಬೆಟ್ಟು ಮಾಡಿ ತೋರಿಸ್ತಾರಂತಲ್ಲ, ಅವರು?"

"ತಂಗಿ ನಾನೇ," ಎಂದಳು ಡಾಕ್ಟರಮ್ಮ. "ಬೆಟ್ಟು ಮಾಡಿ ತೋರಿಸಿದ್ದು ಇವಳು. ನಾನು ಬಲಗಡೆ ಅಂದೆ. ಇವಳು ಎಡಗಡೆ ಅಂದ್ಲು. ಸುಡು ಅಂತ ನಾನು ಕೂಗಿದ್ರೂ ಜಗ್ಗಲಿಲ್ಲ ಕಣಪ್ಪ!" ಅವಳ ತೋರುಬೆರಳು ತನಗೇ ತಿಳಿಯದೆ ಗಾಳಿಯಲ್ಲಿ ಕುಟುಕುತ್ತಿತ್ತು.

ಲಾಯರಮ್ಮ ಕಿವಿಯವರೆಗೂ ಕೆಂಪಾಗಿ ಅವಳ ತೋಳು ಜಗ್ಗಿದಳು. "ಸಾಕು ಮೇಡಂ, ಜನ ನಗ್ತಾರೆ."

"ನಗಲಿ ಬಿಡು," ಎಂದಳು ಡಾಕ್ಟರಮ್ಮ. "ಇಲ್ಲದ್ದನ್ನ ಹೇಳಿದ್ನಾ ನಾನು?"

ಅಷ್ಟರಲ್ಲಿ ಪೆಟ್ಟಿಗೆ ನೆಲ ಮುಟ್ಟಿತು. ಗೇಟಿನವನ ಮೇಜಿನ ಮೇಲೆ ತುಂಬಿದ ಟೀ ಲೋಟವಿತ್ತು. ಅದರಲ್ಲಿ ಒಂದು ಅಲೆಯೂ ಏಳಲಿಲ್ಲ.